ಸ್ನಾಯುನೋವಿಗೆ ಸೂಜಿ ಚಿಕಿತ್ಸೆ: ಗದಗ ಸೀಮೆಯ ಹಿನ್ನೆಲೆಯಲ್ಲಿ

ಮೈಯ ಗೊತ್ತಾದ ಜಾಗಗಳಲ್ಲಿ ಸಣ್ಣ ಉಕ್ಕಿನ ಸೂಜಿಗಳನ್ನು ಚುಚ್ಚಿ, ಕೆಲಹೊತ್ತು ಅಲ್ಲೇ ಬಿಟ್ಟು ತೆಗೆಯುವ ಚೀನಾ ಮೂಲದ ಚಿಕಿತ್ಸೆಗೆ ಆಕ್ಯುಪಂಕ್ಚರ್ ಎಂದು ಹೆಸರು. ಇಂಜೆಕ್ಷನ್ ಸೂಜಿಗಿರುವಂತೆ ಈ ಸೂಜಿಗೆ ತೂತಿರುವುದಿಲ್ಲ. ಅದರ ಮೂಲಕ ಯಾವ ಔಷಧವೂ ಒಳಹೋಗುವುದಿಲ್ಲ. ದಪ್ಪ ಸಾಮಾನ್ಯವಾಗಿ 0.16ರಿಂದ 0.30 ಮಿಲಿಮೀಟರ್. ಕನ್ನಡದಲ್ಲಿ ಸೂಜಿ ಚಿಕಿತ್ಸೆ ಎನ್ನುವ ಈ ಕ್ರಮವನ್ನು ಹತ್ತಾರು ಕಾಯಿಲೆಗಳಿಗೆ ಬಳಸುವವರಿದ್ದಾರೆ. ಆದರೆ ಅದರ ಪರವಾಗಿ ಒಂದಿಷ್ಟು ಗಟ್ಟಿ ಆಧಾರ ಸಿಗುವುದು ನೋವಿನ ವಿಷಯದಲ್ಲಿ, ಅದರಲ್ಲೂ ಟೊಂಕ, ಕುತ್ತಿಗೆ, ಭುಜಗಳಲ್ಲಿ ಬಹುಕಾಲ ಉಳಿದ ನೋವಿನ ವಿಷಯದಲ್ಲಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ದುಡಿಯುವ ಜನಕ್ಕೆ ಈ ಚಿಕಿತ್ಸೆಯಿಂದ ಎಷ್ಟು ಉಪಯೋಗ, ಎಲ್ಲಿ ಎಚ್ಚರ ಬೇಕು ಎಂಬುದು ಈ ಲೇಖನದ ವಿಷಯ.

ದುಡಿಮೆಯ ಮೈ

1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದ ಗದಗ ಸೀಮೆ ಎರೆ ಮತ್ತು ಮಸಾರಿ ಹೊಲಗಳ ಮಳೆಯಾಶ್ರಿತ ನಾಡು. ಮುಂಗಾರಿಗೆ ಹೆಸರು, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ; ಹಿಂಗಾರಿಗೆ ಕಡಲೆ, ಬಿಳಿಜೋಳ. ಈ ಬೆಳೆಗಳಲ್ಲಿ ಹೆಚ್ಚಿನವು ಬಗ್ಗಿಯೋ ಕುಕ್ಕರಗಾಲಲ್ಲಿ ಕುಳಿತೋ ಮಾಡುವ ಕೆಲಸವನ್ನು ಕೇಳುತ್ತವೆ. ಕಳೆ ತೆಗೆಯುವುದು, ಉಳ್ಳಾಗಡ್ಡಿ ಕೀಳುವುದು, ಹತ್ತಿ ಮತ್ತು ಮೆಣಸಿನಕಾಯಿ ಬಿಡಿಸುವುದು ಬಹುಮಟ್ಟಿಗೆ ಹೆಣ್ಣುಮಕ್ಕಳ ಪಾಲಿನ ದುಡಿಮೆ. ಹೀಗೆ ಗಂಟೆಗಟ್ಟಲೆ ಬಗ್ಗಿದಾಗ ಬೆನ್ನುಮೂಳೆಯ ಇಕ್ಕೆಲದ ಉದ್ದ ಸ್ನಾಯುಗಳು ಮೈಯ ಮೇಲ್ಭಾಗದ ಭಾರವನ್ನೆಲ್ಲ ಹೊತ್ತು ಬಿಗಿದುಕೊಂಡಿರುತ್ತವೆ. ಗದಗಿನ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರಿಗೆ ಕುತ್ತಿಗೆ ಮತ್ತು ಭುಜದ ಮೇಲ್ಭಾಗದ ಸ್ನಾಯುಗಳೇ ಬಂಡವಾಳ. ಬೆಟಗೇರಿಯ ಕೈಮಗ್ಗದ ನೇಕಾರ ಕುಣಿಮಗ್ಗದಲ್ಲಿ ಕುಳಿತು ಕಾಲಿಂದ ತುಳಿಯುತ್ತ, ಕೈಯಿಂದ ಲಾಳಿ ಓಡಿಸುತ್ತ, ನೂಲಿನ ಮೇಲೆ ಕಣ್ಣು ನೆಟ್ಟು ತಲೆ ಬಾಗಿಸಿಯೇ ದಿನ ಕಳೆಯುತ್ತಾನೆ. ಪಕ್ಕದಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುವ ಹೆಣ್ಣುಮಗಳ ಮಣಿಕಟ್ಟು, ಮೊಳಕೈಗಳೂ ದಿನವಿಡೀ ಅದೊಂದೇ ಚಲನೆಗೆ ಒಗ್ಗಿರುತ್ತವೆ. ಗದಗಿನ ಹೆಸರಾಂತ ಮುದ್ರಣಾಲಯಗಳ ಕಟ್ಟುವ, ಮಡಚುವ ಕೆಲಸದವರ ಪಾಡೂ ಇದಕ್ಕಿಂತ ಬೇರೆಯಲ್ಲ.

ಈ ಸೀಮೆಯವರು ನೋವನ್ನು ಹೇಳುವ ಬಗೆಯಲ್ಲೇ ವೈದ್ಯನಿಗೆ ಬೇಕಾದ ವಿವರ ಬಹಳಷ್ಟು ಇರುತ್ತದೆ. "ಟೊಂಕ ಹಿಡದೈತಿ" ಎಂದವರಿಗೆ ಬಹುತೇಕ ಬೆನ್ನಿನ ಸ್ನಾಯು ಬಿಗಿದಿರುತ್ತದೆ. "ಕುತಿಗಿ ಹೊಳ್ಳವಲ್ದು" ಎಂದರೆ ಚಲನೆಯೇ ಕುಂದಿದೆ. "ತೊಡಿಯಿಂದ ಹಿಮ್ಮಡದ ತನಕ ಚಳಕ್ ಹೊಡಿತೈತಿ" ಎಂದರೆ ನರ ಒತ್ತಿಹೋಗಿರುವ ಸಂಶಯ ಬರಬೇಕು. ಮೂರಕ್ಕೂ ಚಿಕಿತ್ಸೆ ಒಂದೇ ಅಲ್ಲ; ಸೂಜಿ ಹಿಡಿಯುವ ಮುನ್ನ ಈ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಳ್ಳಬೇಕು.

ಸ್ನಾಯುವಿನ ಗಂಟು

ಬಿಗಿದ ಭುಜವನ್ನು ಬೆರಳಿಂದ ಒತ್ತಿ ನೋಡಿದರೆ ನಡುವೆ ಹಗ್ಗದಂಥ ಎಳೆ ಸಿಗುತ್ತದೆ. ಅದರ ಮೇಲೆ ಒಂದು ಕಡೆ ಒತ್ತಿದಾಗ ಜೀವ ಹೋದಂತಾಗಿ, ನೋವು ತಲೆಯ ಹಿಂಬದಿಗೋ ತೋಳಿಗೋ ಹರಿಯುತ್ತದೆ. ಇದಕ್ಕೆ ವೈದ್ಯರು ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ಸ್ನಾಯುವಿನಲ್ಲಿ ಹುಟ್ಟಿದ ನೋವು ದೂರದಲ್ಲಿ ಕಾಣಿಸಿಕೊಳ್ಳುತ್ತದೆಂಬುದನ್ನು ಬ್ರಿಟನ್ನಿನ ಕೆಲ್‌ಗ್ರೆನ್ 1938ರಲ್ಲೇ ಸ್ನಾಯುಗಳಿಗೆ ಉಪ್ಪುನೀರು ಚುಚ್ಚಿ ತೋರಿಸಿದ್ದರು. ಅಮೆರಿಕದ ಜಾನೆಟ್ ಟ್ರವೆಲ್ ಮತ್ತು ಡೇವಿಡ್ ಸೈಮನ್ಸ್ 1983ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಇಂಥ ಗಂಟುಗಳ ವಿವರವಾದ ನಕಾಶೆಯೇ ಇದೆ. ನರ ಸ್ನಾಯುವನ್ನು ಸೇರುವ ಕಡೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಅತಿಯಾಗಿ ಸುರಿದು, ಸ್ನಾಯುವಿನ ಒಂದು ತುಣುಕು ಸಡಿಲಗೊಳ್ಳದೆ ಉಳಿಯುತ್ತದೆ. ಬಿಗಿತದಿಂದ ಅಲ್ಲಿಗೆ ರಕ್ತ ಕಡಿಮೆಯಾಗಿ, ನೋವು ತರುವ ರಾಸಾಯನಿಕಗಳು ಕೂಡಿಕೊಳ್ಳುತ್ತವೆ ಎಂಬುದು ಅವರ ವಿವರಣೆ. ಈ ವಿವರಣೆಯ ಬಗ್ಗೆ ವೈದ್ಯಲೋಕದಲ್ಲಿ ತಕರಾರು ಇದ್ದೇ ಇದೆ. ಆದರೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜೇ ಶಾ ಮತ್ತು ಸಂಗಡಿಗರು 2005ರಲ್ಲಿ ಭುಜದ ಸ್ನಾಯುವಿನೊಳಗಿಂದಲೇ ದ್ರವ ತೆಗೆದು ನೋಡಿದಾಗ, ನೋಯುವ ಗಂಟಿನಲ್ಲಿ ಬ್ರಾಡಿಕೈನಿನ್, ಸಬ್‌ಸ್ಟೆನ್ಸ್-ಪಿ ಮುಂತಾದವು ಹೆಚ್ಚಾಗಿಯೇ ಕಂಡವು.

1977ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಜೊತೆಗಾರರು ಟ್ರಿಗರ್ ಪಾಯಿಂಟ್‌ಗಳನ್ನೂ ನೋವಿಗಾಗಿ ಬಳಸುವ ಆಕ್ಯುಪಂಕ್ಚರ್ ಬಿಂದುಗಳನ್ನೂ ಎದುರುಬದುರು ಇಟ್ಟು ನೋಡಿ, ಶೇಕಡಾ 71ರಷ್ಟು ಹೊಂದುತ್ತವೆ ಎಂದರು. ಹೊಂದಿಕೆಯ ಅಳತೆ ಸಡಿಲವಾಯಿತೆಂದು ಬೇರೆಯವರು ಆಮೇಲೆ ಆಕ್ಷೇಪಿಸಿದ್ದಾರೆ. 1979ರಲ್ಲಿ ಚೆಕ್ ವೈದ್ಯ ಕಾರೆಲ್ ಲೆವಿಟ್ ಇನ್ನೊಂದು ಮುಖ್ಯ ಸಂಗತಿ ಬರೆದರು: ಗಂಟಿಗೆ ಔಷಧ ಚುಚ್ಚಿದಾಗ ಸಿಗುವ ಉಪಶಮನದಲ್ಲಿ ಔಷಧದ ಪಾಲಿಗಿಂತ ಸೂಜಿಯ ಪಾಲೇ ದೊಡ್ಡದು. ಇಂದು ಫಿಸಿಯೋಥೆರಪಿಸ್ಟರು ಡ್ರೈ ನೀಡ್ಲಿಂಗ್ ಹೆಸರಲ್ಲಿ ಮಾಡುವ ಚಿಕಿತ್ಸೆ ಬೆಳೆದದ್ದು ಈ ದಾರಿಯಲ್ಲಿ. ಸೂಜಿ ಒಂದೇ ಬಗೆಯದು. ಜೀವಶಕ್ತಿ ಹರಿಯುತ್ತದೆಂದು ಚೀನೀ ವೈದ್ಯ ಹೇಳುವ ನಾಡಿಪಥಗಳ ತತ್ವವನ್ನು ಅವರು ಒಪ್ಪಬೇಕಾಗಿಲ್ಲ, ಅಷ್ಟೇ.

ಊರಿನ ಚಿಕಿತ್ಸೆಗಳು

ಸೂಜಿ ಬರುವ ಎಷ್ಟೋ ಮೊದಲಿನಿಂದ ಈ ಸೀಮೆಯಲ್ಲಿ ಸ್ನಾಯುನೋವಿಗೆ ಶಾಖ, ಎಣ್ಣೆ, ತಿಕ್ಕುವಿಕೆ ನಡೆದು ಬಂದಿವೆ. ಔಡಲ ಎಲೆ ಅಥವಾ ಎಕ್ಕೆಯ ಎಲೆಗೆ ಎಣ್ಣೆ ಸವರಿ ಹಂಚಿನ ಮೇಲೆ ಬೆಚ್ಚಗೆ ಮಾಡಿ ಕಟ್ಟುವುದು, ಲಕ್ಕಿ ಸೊಪ್ಪು ಕುದಿಸಿದ ನೀರಿನಿಂದ ಶಾಖ ಕೊಡುವುದು, ಉಳುಕು ತೆಗೆಯಬಲ್ಲ ಹಿರಿಯರಿಂದ ತಿಕ್ಕಿಸಿಕೊಳ್ಳುವುದು ಮನೆಮನೆಗೆ ಗೊತ್ತಿದ್ದ ಕ್ರಮಗಳು. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು. ಗಣಿಗಾರಿಕೆಯ ಬಾಯಿಂದ ಅದನ್ನು ಉಳಿಸಲು ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತು ಹೋರಾಡಿದರು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಶಾಖದಿಂದ ಬಿಗಿದ ಸ್ನಾಯು ಸಡಿಲವಾಗುತ್ತದೆಂಬುದು ಅನುಭವವೂ ಹೌದು, ವೈದ್ಯಶಾಸ್ತ್ರ ಒಪ್ಪುವ ಮಾತೂ ಹೌದು. ಹೊಸದಾಗಿ ಹಿಡಿದ ಟೊಂಕಕ್ಕೆ ಒಂದೆರಡು ವಾರ ಇಷ್ಟು ಸಾಕಾಗುವುದೇ ಹೆಚ್ಚು.

ಬರೆ ಹಾಕುವುದು ಬೇರೆಯದೇ ಮಾತು. ಸುಶ್ರುತ ಸಂಹಿತೆಯಲ್ಲಿ ಅಗ್ನಿಕರ್ಮದ ವಿಧಿ ಇದೆ: ಚರ್ಮ, ಮಾಂಸ, ಸಿರೆ, ಸ್ನಾಯು, ಸಂಧಿ, ಮೂಳೆಗಳಲ್ಲಿ ಉಗ್ರವಾದ ನೋವಿದ್ದಾಗ ಕಾಯಿಸಿದ ಶಲಾಕೆ ಮುಂತಾದವುಗಳಿಂದ ಸುಡುವುದು. ಇಂದಿನ ಆಯುರ್ವೇದ ವೈದ್ಯರು ಪಂಚಧಾತು ಶಲಾಕೆಯಿಂದ ಚರ್ಮದ ಮೇಲ್ಪದರಕ್ಕೆ ಮಾತ್ರ ಕ್ಷಣಮಾತ್ರ ತಾಗಿಸುತ್ತಾರೆ. ಇಂಜೆಕ್ಷನ್ ಸೂಜಿಯಿಂದ ನೋಯುವ ಜಾಗವನ್ನು ಚುಚ್ಚುವ ವಿದ್ಧಕರ್ಮವನ್ನೂ ಮಾಡುವವರಿದ್ದಾರೆ. ಗದಗಿನಲ್ಲಿ ಡಿ.ಜಿ.ಎಂ. ಆಯುರ್ವೇದ ಮಹಾವಿದ್ಯಾಲಯ ಇರುವುದರಿಂದ ತರಬೇತಿ ಪಡೆದವರು ಈ ಭಾಗಕ್ಕೆ ಅಪರಿಚಿತರಲ್ಲ. ಕಾದ ಕಬ್ಬಿಣವನ್ನೋ ಬಳೆಯ ಚೂರನ್ನೋ ಒತ್ತಿ ಹಾಕುವ ಹಳ್ಳಿಯ ಬರೆಗೆ ಮಾತ್ರ ಈ ಅಳತೆ ಇಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಆ ಗಾಯ ಮಾಯದೆ ಕೀವಾಗಬಹುದು. ಮಕ್ಕಳಿಗೆ ಬರೆ ಹಾಕುವುದಂತೂ ಯಾವ ಕಾರಣಕ್ಕೂ ಕೂಡದು.

ಆಕ್ಯುಪಂಕ್ಚರ್ ಭಾರತದಲ್ಲೇ ಹುಟ್ಟಿ ಚೀನಾಕ್ಕೆ ಹೋಯಿತು, ಸುಶ್ರುತನ 107 ಮರ್ಮಗಳೇ ಅದರ ಬಿಂದುಗಳು ಎಂಬ ಮಾತು ಶಿಬಿರಗಳಲ್ಲಿ ಆಗಾಗ ಕೇಳಿಬರುತ್ತದೆ. ಗ್ರಂಥ ನೋಡಿದರೆ ಇದು ನಿಲ್ಲುವುದಿಲ್ಲ. ಮರ್ಮಗಳನ್ನು ಸುಶ್ರುತ ವಿವರಿಸಿದ್ದು ಪೆಟ್ಟು ಬಿದ್ದರೆ ಪ್ರಾಣಕ್ಕೋ ಅಂಗಕ್ಕೋ ಅಪಾಯವಾಗುವ ಜಾಗಗಳೆಂದು. ಶಸ್ತ್ರವೈದ್ಯ ಅವುಗಳನ್ನು ಕಾಪಾಡಿಕೊಳ್ಳಬೇಕು ಎಂಬುದೇ ಅಲ್ಲಿನ ಕಾಳಜಿ.

ಚೀನಾದಿಂದ ಸೋಲಾಪುರದ ದಾರಿಯಲ್ಲಿ

ಸೂಜಿ ಚಿಕಿತ್ಸೆಯ ತಾಯಿಗ್ರಂಥ ಹುವಾಂಗ್‌ದಿ ನೈಜಿಂಗ್ ಸುಮಾರು ಎರಡು ಸಾವಿರ ವರ್ಷ ಹಿಂದಿನದು. ಏಳನೆಯ ಶತಮಾನದ ಸುನ್ ಸಿಮಿಯಾವೊ, ನಕಾಶೆಯ ಬಿಂದುಗಳ ಜೊತೆಗೆ, ಒತ್ತಿದಾಗ ರೋಗಿ ಅಯ್ಯೋ ಎನ್ನುವ ಜಾಗಕ್ಕೇ ಚುಚ್ಚುವ ಕ್ರಮವನ್ನೂ ಹೇಳಿದ. ಸ್ನಾಯುನೋವಿನ ಮಟ್ಟಿಗೆ ಇಂದಿಗೂ ಅತ್ಯಂತ ಉಪಯುಕ್ತವಾದ ಮಾತು ಅದೇ ಎನ್ನಬೇಕು. ಚೀನಾದಲ್ಲಿ ಈ ವಿದ್ಯೆಯ ಬಾಳು ಏರುಪೇರಿಲ್ಲದೆ ಸಾಗಲಿಲ್ಲ: 1822ರಲ್ಲಿ ದಾವ್‌ಗುವಾಂಗ್ ಚಕ್ರವರ್ತಿ ಅದನ್ನು ಅರಮನೆಯ ವೈದ್ಯ ಸಂಸ್ಥೆಯಿಂದ ಹೊರಗಿಟ್ಟ, 1949ರ ನಂತರ ಸರ್ಕಾರವೇ ಮತ್ತೆ ಎತ್ತಿ ಹಿಡಿಯಿತು. 1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಪೀಕಿಂಗ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಯ ತೊಂದರೆಗೆ ಸೂಜಿ ಚುಚ್ಚಿಸಿಕೊಂಡ ಅನುಭವ ಬರೆದ ಮೇಲೆ ಪಶ್ಚಿಮದಲ್ಲಿ ಕುತೂಹಲ ಕೆರಳಿತು.

ಭಾರತಕ್ಕೆ ಅದು ಬಂದದ್ದು ಇದಕ್ಕೂ ಮೊದಲು. ಗದಗಿನಿಂದ ಬಾಗಲಕೋಟೆ, ವಿಜಯಪುರ ದಾಟಿ ಹೋಟಗಿ ಸೇರುವ ರೈಲುದಾರಿಯ ಆ ತುದಿಯಲ್ಲಿ ಸೋಲಾಪುರ ಇದೆ. ಕನ್ನಡಿಗರೂ ಸಾಕಷ್ಟಿರುವ ಗಡಿ ಜಿಲ್ಲೆ. ಅಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್, 1938ರಲ್ಲಿ ಕಾಂಗ್ರೆಸ್ ಚೀನಾಕ್ಕೆ ಕಳಿಸಿದ ಐವರು ವೈದ್ಯರ ತಂಡದಲ್ಲಿದ್ದರು. ಯುದ್ಧಭೂಮಿಯಲ್ಲಿ ಗಾಯಾಳುಗಳ ಸೇವೆ ಮಾಡುತ್ತಲೇ 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಅದೇ ತಂಡದ ಬಂಗಾಳಿ ವೈದ್ಯ ಬಿಜಯ್ ಕುಮಾರ್ ಬಸು ಮುಂದೆ ಮತ್ತೊಮ್ಮೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಬಂದು, 1959ರಲ್ಲಿ ಕಲ್ಕತ್ತೆಯಲ್ಲಿ ಆರಂಭಿಸಿದರು. ದೇಶದಲ್ಲಿ ಈ ಚಿಕಿತ್ಸೆ ಹಬ್ಬಿದ್ದು ಬಹುಮಟ್ಟಿಗೆ ಅಲ್ಲಿಂದ. ಲೂಧಿಯಾನದಲ್ಲಿ ಕೋಟ್ನಿಸ್ ಹೆಸರಿನಲ್ಲೇ ಆಕ್ಯುಪಂಕ್ಚರ್ ಆಸ್ಪತ್ರೆಯೊಂದಿದೆ. ಕರ್ನಾಟಕದಲ್ಲಿ ಇದು ಹೆಚ್ಚಾಗಿ ಪ್ರಕೃತಿ ಚಿಕಿತ್ಸೆಯ ಜೊತೆಗೂಡಿ ಬೆಳೆಯಿತು: 1989ರಲ್ಲಿ ಆರಂಭವಾದ ಉಜಿರೆಯ ಎಸ್‌ಡಿಎಂ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜಿನಂಥ ಕಡೆ ನೀಡುವ ಬಿಎನ್‌ವೈಎಸ್ ಪದವಿಯಲ್ಲಿ ಆಕ್ಯುಪಂಕ್ಚರ್ ಪಠ್ಯದ ಭಾಗ.

ಗದಗಿನ ಓದುಗರಿಗೆ ಇಲ್ಲಿ ಇನ್ನೊಬ್ಬರನ್ನು ನೆನಪಿಸಬೇಕು. ಹದಿನೇಳನೆಯ ಶತಮಾನದ ಜಪಾನಿನ ಸುಗಿಯಾಮಾ ವೈಚಿ ಕಣ್ಣಿಲ್ಲದವರು. ಸೂಜಿಯನ್ನು ಸಣ್ಣ ಕೊಳವೆಯೊಳಗಿಟ್ಟು, ಮೇಲೆ ಹೊರಚಾಚಿದ ತುದಿಯನ್ನು ಬೆರಳಿಂದ ತಟ್ಟಿ ಚುಚ್ಚುವ ಉಪಾಯ ಬಳಕೆಗೆ ಬಂದದ್ದು ಅವರಿಂದ. ಇಂದು ಪ್ರಪಂಚದ ಹಲವೆಡೆ ಆ ಕೊಳವೆ ಬಳಕೆಯಲ್ಲಿದೆ. ಅವರು ತೆರೆದ ಶಾಲೆಗಳಿಂದಾಗಿ ಸೂಜಿ ಮತ್ತು ಅಂಗಮರ್ದನ ಜಪಾನಿನಲ್ಲಿ ಕುರುಡರ ಗೌರವದ ವೃತ್ತಿಯಾಗಿ ಇಂದಿಗೂ ಉಳಿದಿದೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳ ಕೈಗೆ ಸಂಗೀತ ಕೊಟ್ಟು ಬದುಕು ಕಟ್ಟಿದ ಊರಿನಲ್ಲಿ, ಬೆರಳ ತುದಿಯಿಂದಲೇ ಸ್ನಾಯುವನ್ನು ಓದಬಲ್ಲ ಈ ವೃತ್ತಿಯ ಸಾಧ್ಯತೆಯನ್ನೂ ಗಂಭೀರವಾಗಿ ಯೋಚಿಸಬಹುದು.

ಚಿಕಿತ್ಸೆ ನಡೆಯುವ ಬಗೆ

ಹಳೆಯ ಟೊಂಕನೋವಿನವರನ್ನು ಬೋರಲು ಮಲಗಿಸಿ, ಬೆನ್ನುಮೂಳೆಯ ಎರಡೂ ಬದಿ, ಪಿರ್ರೆ, ಮೊಣಕಾಲ ಹಿಂದಿನ ಮಡಿಕೆ ಇಲ್ಲೆಲ್ಲ ಎಂಟು ಹತ್ತು ಸೂಜಿ ಹಾಕುವುದು ವಾಡಿಕೆ. ಕುತ್ತಿಗೆ, ಭುಜದ ನೋವಿಗೆ ಭುಜದ ಮೇಲಿನ ದಪ್ಪ ಸ್ನಾಯು ಮತ್ತು ಹೆಬ್ಬೆರಳು ತೋರುಬೆರಳ ನಡುವಿನ ಜಾಗ. ಚರ್ಮ ದಾಟುವಾಗ ಇರುವೆ ಕಚ್ಚಿದಂತೆ ಒಂದು ಚುರುಕು. ಸ್ನಾಯುವಿಗೆ ತಾಗಿದಾಗ ಭಾರವಾದ, ಜೋಮು ಹಿಡಿದಂಥ ಅನುಭವ. ಗಂಟಿಗೇ ತಾಗಿದರೆ ಸ್ನಾಯು ತಾನಾಗಿ ಒಮ್ಮೆ ಅದುರುತ್ತದೆ. 20–30 ನಿಮಿಷ ಬಿಟ್ಟು ತೆಗೆಯುತ್ತಾರೆ. ಕೆಲವರು ಸೂಜಿಗೆ ಸಣ್ಣ ವಿದ್ಯುತ್ ಪ್ರವಾಹ ಕೊಡುತ್ತಾರೆ, ಕೆಲವರು ಮಾಚಿಪತ್ರೆಯ ಕುಲದ ಗಿಡದ ಬತ್ತಿಯಿಂದ ಶಾಖ ಕೊಡುತ್ತಾರೆ. ವಾರಕ್ಕೊಂದೆರಡರಂತೆ ಆರರಿಂದ ಹತ್ತು ಸಲ ಸಾಮಾನ್ಯ ಕ್ರಮ. ನಾಲ್ಕೈದು ಸಲಕ್ಕೂ ಏನೂ ಬದಲಾಗದಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಕೂಲಿ ಬಿಟ್ಟು ಶಿರಹಟ್ಟಿಯಿಂದಲೋ ಮುಂಡರಗಿಯಿಂದಲೋ ಬಸ್ಸು ಹಿಡಿದು ಬರುವವರಿಗೆ ಇದನ್ನು ಮೊದಲ ದಿನವೇ ಹೇಳುವುದು ಚಿಕಿತ್ಸಕರ ಕರ್ತವ್ಯ.

ನೋವು ಹೇಗೆ ಇಳಿಯುತ್ತದೆ? 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಹೇಳಿದಂತೆ, ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಬಾಗಿಲಿನಂಥ ನಿಯಂತ್ರಣವಿದೆ. ಬೇರೆ ನರಗಳ ಸಂವೇದನೆ ಅದನ್ನು ಅರೆಮುಚ್ಚಬಲ್ಲದು. ಸೂಜಿಯ ಪ್ರಚೋದನೆಗೆ ಮೆದುಳು, ಬೆನ್ನುಹುರಿಗಳು ಎಂಡಾರ್ಫಿನ್ ಮುಂತಾದ ತಮ್ಮದೇ ನೋವುನಿವಾರಕಗಳನ್ನು ಬಿಡುತ್ತವೆ. ಅವುಗಳನ್ನು ತಡೆಯುವ ನಾಲೊಕ್ಸೋನ್ ಕೊಟ್ಟಾಗ ಸೂಜಿಯ ಪರಿಣಾಮ ಕುಗ್ಗಿದ್ದನ್ನು 1977ರ ಪ್ರಯೋಗಗಳು ತೋರಿಸಿದವು. ಇಲಿಗಳಲ್ಲಿ ಸೂಜಿಯ ಸುತ್ತ ಅಡೆನೋಸಿನ್ ಹೆಚ್ಚುವುದು 2010ರಲ್ಲಿ ಕಂಡುಬಂತು.

ಎಷ್ಟು ಗುಣ?

ಜರ್ಮನಿಯಲ್ಲಿ ಹಳೆಯ ಟೊಂಕನೋವಿನ 1,162 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆ ಬಹಳ ಕಲಿಸುತ್ತದೆ. ಆರು ತಿಂಗಳಾದ ಮೇಲೆ, ಶಾಸ್ತ್ರೋಕ್ತ ಬಿಂದುಗಳಲ್ಲಿ ಚುಚ್ಚಿಸಿಕೊಂಡವರಲ್ಲಿ ಶೇ. 47.6, ಬಿಂದುಗಳಲ್ಲದ ಕಡೆ ಮೇಲೆಮೇಲೆ ಹುಸಿ ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇ. 44.2, ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ ಪಡೆದವರಲ್ಲಿ ಶೇ. 27.4 ಮಂದಿಗೆ ಗುಣ ಕಂಡಿತು. ಸೂಜಿ ಹಾಕಿಸಿಕೊಂಡವರಿಗೆ ಹೆಚ್ಚು ಆರಾಮವಾಯಿತು. ಆದರೆ ಬಿಂದು ಸರಿಯಾಗಿ ಇಂಥಲ್ಲೇ ಇರಬೇಕೆಂಬ ನಂಬಿಕೆಗೆ ಬೆಂಬಲ ಸಿಗಲಿಲ್ಲ. ಸೂಜಿಯ ಪರ ಇರುವವರೂ ವಿರೋಧಿಗಳೂ ಈ ಒಂದೇ ಅಂಕಿಯನ್ನು ತಮತಮಗೆ ಬೇಕಾದಂತೆ ಎತ್ತಿಕೊಳ್ಳುತ್ತಾರೆ. ಎರಡೂ ಅರ್ಧ ಸತ್ಯ ಎಂದೇ ಈ ಲೇಖಕನ ಅಭಿಪ್ರಾಯ. ವಿಕರ್ಸ್ ಮತ್ತು ಸಂಗಡಿಗರು 39 ಪರೀಕ್ಷೆಗಳ 20,827 ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಹೇಳಿದ್ದು ಇದಕ್ಕೆ ಪೂರಕ: ಹುಸಿ ಸೂಜಿಗಿಂತ ನಿಜ ಸೂಜಿ ಕೊಂಚ ಮೇಲು, ಚಿಕಿತ್ಸೆಯೇ ಇಲ್ಲದ್ದಕ್ಕಿಂತ ಸಾಕಷ್ಟು ಮೇಲು, ವರ್ಷದ ನಂತರವೂ ಲಾಭ ಬಹುಪಾಲು ಉಳಿಯುತ್ತದೆ.

ಅಧಿಕೃತ ಸಲಹೆಗಳು ಅತ್ತಿತ್ತ ಓಲಾಡಿವೆ. ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲಿ ಟೊಂಕನೋವಿಗೆ ಸೂಜಿಯನ್ನು ಒಪ್ಪಿ, 2016ರಲ್ಲಿ ಕೈಬಿಟ್ಟು, 2021ರಲ್ಲಿ ಕಾರಣ ತಿಳಿಯದ ದೀರ್ಘಕಾಲದ ನೋವಿಗೆ ಮತ್ತೆ ಪರಿಗಣಿಸಬಹುದೆಂದಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನ ಮಾರ್ಗಸೂಚಿಯಲ್ಲಿ ದೀರ್ಘಕಾಲದ ಟೊಂಕನೋವಿಗೆ ಕೊಡಬಹುದಾದ ಚಿಕಿತ್ಸೆಗಳ ಪೈಕಿ ಸೂಜಿಯನ್ನೂ ಸೇರಿಸಿತು. ವ್ಯಾಯಾಮ, ತಿಳಿವಳಿಕೆಗಳೂ ಆ ಪಟ್ಟಿಯಲ್ಲಿವೆ. ಹಮಾಲರಿಗೋ ನೇಕಾರರಿಗೋ ಸೂಜಿಯಿಂದ ಸಿಗುವ ಕೆಲವು ವಾರಗಳ ಆರಾಮ, ಸ್ನಾಯುಗಳನ್ನು ಮತ್ತೆ ಬಲಪಡಿಸುವ ವ್ಯಾಯಾಮಕ್ಕೂ ಕೆಲಸದ ಭಂಗಿ ಬದಲಿಸುವುದಕ್ಕೂ ಸದುಪಯೋಗವಾಗಬೇಕು. ಇಲ್ಲವಾದರೆ ಅದೇ ಚೀಲ, ಅದೇ ಮಗ್ಗ ಅದೇ ಗಂಟನ್ನು ಮರಳಿ ಕಟ್ಟುತ್ತವೆ.

ಸ್ನಾಯುನೋವಲ್ಲದ ನೋವು

ಈ ಸೀಮೆಯಲ್ಲಿ ಮರೆಯಬಾರದ ಕಾರಣವೊಂದು ಕುಡಿಯುವ ನೀರಿನಲ್ಲಿದೆ. ಗದಗ ಜಿಲ್ಲೆಯ, ವಿಶೇಷವಾಗಿ ಮುಂಡರಗಿ ತಾಲ್ಲೂಕಿನ, ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳಬಹುದು. ಅಂಶ ಇನ್ನೂ ಹೆಚ್ಚಿದ್ದಲ್ಲಿ ಮೂಳೆ, ಕೀಲುಗಳೂ ಬಿಗಿಯುತ್ತವೆ. ಆಗ ಟೊಂಕ ಬಗ್ಗದು, ಕುತ್ತಿಗೆ ಹೊರಳದು. ಹೊರಗಿನಿಂದ ಇದು ಸ್ನಾಯು ಹಿಡಿದಂತೆಯೇ ಕಾಣುತ್ತದೆ. ಇದಕ್ಕೆ ಎಷ್ಟು ಸೂಜಿ ಹಾಕಿದರೂ ಮೂಲಕ್ಕೆ ತಾಗದು, ನೀರು ಬದಲಾಗಬೇಕು. ಒಂದೇ ಓಣಿಯ, ಒಂದೇ ಬೋರಿನ ನೀರು ಕುಡಿಯುವ ಹಲವರಿಗೆ ಇದೇ ತೊಂದರೆ ಇದ್ದರೆ ಮೊದಲು ನೀರಿನ ಪರೀಕ್ಷೆ ಮಾಡಿಸಬೇಕು. ಚಿಕೂನ್‌ಗುನ್ಯಾದ ನಂತರ ತಿಂಗಳುಗಟ್ಟಲೆ ಉಳಿಯುವ ಕೀಲುನೋವು, ಥೈರಾಯ್ಡ್ ಕೊರತೆಯ ಮೈಕೈ ನೋವುಗಳೂ ಹೀಗೆಯೇ ದಾರಿ ತಪ್ಪಿಸುತ್ತವೆ.

ಜ್ವರ, ತೂಕ ಇಳಿತ, ರಾತ್ರಿ ಹೆಚ್ಚುವ ಬೆನ್ನುನೋವು ಬೆನ್ನುಮೂಳೆಯ ಕ್ಷಯದ ಸುಳಿವಾಗಿರಬಹುದು. ಟೊಂಕನೋವಿನ ಜೊತೆ ಮೂತ್ರ ಕಟ್ಟುವುದು, ತೊಡೆಯ ಸಂದಿ ಮರಗಟ್ಟುವುದು, ಕಾಲು ಸೋಲುವುದು ಕಂಡರೆ ಅದೇ ದಿನ ಆಸ್ಪತ್ರೆ ಸೇರಬೇಕು. ಬೆವರು, ಎದೆ ಬಿಗಿತದ ಜೊತೆ ಎಡಭುಜ ನೋಯುವುದು ಹೃದಯದ ಕರೆ. ಇಂಥವುಗಳಿಗೆ ಮೊದಲು ತಾಲ್ಲೂಕು ಆಸ್ಪತ್ರೆ, ಇಲ್ಲವೆ ಮಲ್ಲಸಮುದ್ರದ ಬಳಿ ಇರುವ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ.

ಅಪಾಯ ಮತ್ತು ಕಾನೂನು

ಪಳಗಿದ ಕೈಯಲ್ಲಿ ಸೂಜಿ ಬಹಳ ಸುರಕ್ಷಿತ. 2001ರಲ್ಲಿ ಪ್ರಕಟವಾದ ಬ್ರಿಟನ್ನಿನ ಎರಡು ಸಮೀಕ್ಷೆಗಳು, ಒಂದು 34,407 ಮತ್ತು ಇನ್ನೊಂದು 31,822 ಚಿಕಿತ್ಸೆಗಳನ್ನು ಗಮನಿಸಿ, ಗಂಭೀರ ಅಪಾಯ ಒಂದನ್ನೂ ಕಾಣಲಿಲ್ಲ. ಆದರೆ ಭುಜದ ಮೇಲ್ಭಾಗ, ಬೆನ್ನಿನ ಮೇಲ್ಭಾಗಗಳಲ್ಲಿ ಆಳ ತಪ್ಪಿದರೆ ಸೂಜಿ ಶ್ವಾಸಕೋಶದ ಹೊದಿಕೆಗೆ ತಾಗಿ ಗಾಳಿ ಸೇರಬಹುದು. ಇದು ಅಪರೂಪವಾದರೂ ಜೀವಕ್ಕೆ ಕುತ್ತು. ಚಿಕಿತ್ಸೆಯ ನಂತರ ಉಸಿರು ಕಟ್ಟಿದರೆ ತಡಮಾಡಬಾರದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಮೊದಲೇ ತಿಳಿಸಬೇಕು. ಪೇಸ್‌ಮೇಕರ್ ಇರುವವರಿಗೆ ವಿದ್ಯುತ್ ಸೂಜಿ ಸಲ್ಲದು.

ಪಶ್ಚಿಮ ಬಂಗಾಳ 1996ರಲ್ಲೇ ಆಕ್ಯುಪಂಕ್ಚರಿಗೆ ಪ್ರತ್ಯೇಕ ಕಾನೂನು ಮಾಡಿತು. ನೋಂದಾಯಿತ ವೈದ್ಯರು ಅಥವಾ ತಕ್ಕ ತರಬೇತಿ ಪಡೆದವರು ಇದನ್ನು ಮಾಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2003ರ ನವೆಂಬರ್ 25ರ ಆದೇಶದಲ್ಲಿ ಹೇಳಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007, ಚಿಕಿತ್ಸೆ ಎಂಬುದರ ವ್ಯಾಖ್ಯೆಯಲ್ಲೇ ಆಕ್ಯುಪಂಕ್ಚರ್, ಆಕ್ಯುಪ್ರೆಶರ್‌ಗಳನ್ನು ಸೇರಿಸಿದೆ. ಹಾಗಾಗಿ ಬೆಟಗೇರಿಯಲ್ಲಾಗಲಿ ಲಕ್ಷ್ಮೇಶ್ವರದಲ್ಲಾಗಲಿ ಇಂಥ ಕ್ಲಿನಿಕ್ಕಿಗೆ ಹೋದವರು ನೋಂದಣಿ ಪತ್ರ ತೋರಿಸಿರೆಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಸೂಜಿ ಒಬ್ಬರಿಗೆ ಒಮ್ಮೆ ಮಾತ್ರ. ಪೊಟ್ಟಣವನ್ನು ರೋಗಿಯ ಎದುರಿಗೇ ಒಡೆಯಬೇಕು. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್-ಬಿಯಂಥ ಸೋಂಕು ಹರಡುತ್ತದೆ. ತೆಗೆದ ಸೂಜಿಗಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ತೂತು ಬೀಳದ ಬಿಳಿ ಡಬ್ಬಿಗೆ ಹೋಗಬೇಕು. ಮಠದ ಅಂಗಳದಲ್ಲಿ, ಕಲ್ಯಾಣಮಂಟಪದಲ್ಲಿ ನಡೆಯುವ ಉಚಿತ ಶಿಬಿರಕ್ಕೂ ಇದೇ ನಿಯಮ.